ಅರ್ಧ ಋತುವಿನ ಅಂಕಪಟ್ಟಿ

ಅಳಿಯಾ, ನೀನು ಕಳಿಸಿದ ಪಟ್ಟಿ ಓದಿದೆ. ಐಎಸ್‌ಎಲ್ ಫುಟ್‌ಬಾಲ್ ಲೀಗು ಅರ್ಧ ಮುಗಿಯಿತು, ಯಾರು ಮಿಂಚಿದರು, ಯಾರು ಮಂಕಾದರು ಅಂತ ಎರಡು ಸಾಲು ಮಾಡಿ, ಒಬ್ಬೊಬ್ಬರ ಹೆಸರಿನ ಮುಂದೆ ಹತ್ತಕ್ಕೆ ಇಷ್ಟು ಅಂತ ಅಂಕವನ್ನೂ ಹಾಕಿದ್ದೀಯ. ಬರವಣಿಗೆ ಚುರುಕಾಗಿದೆ, ಪತ್ರಿಕೆಯವರು ಒಪ್ಪಿಯೇ ಒಪ್ಪುತ್ತಾರೆ. ಆದರೆ ಅಚ್ಚಿಗೆ ಕೊಡುವ ಮೊದಲು ಈ ಮಾಮನ ನಾಲ್ಕು ಮಾತು ಕಿವಿಗೆ ಹಾಕಿಕೋ. ಇಡೀ ಸರ್ವಿಸ್ ಸೀಟಿ ಊದುತ್ತಲೇ ಕಳೆದವನು ನಾನು. ಸಾಲಗುಂದದಂಥ ಊರಲ್ಲಿ ಹುಡುಗರು ಕಬಡ್ಡಿ ಬಿಟ್ಟರೆ ಕ್ರಿಕೆಟ್ ಅನ್ನುತ್ತಾರೆ, ಫುಟ್‌ಬಾಲ್ ಅಂದರೆ ಈಗಲೂ ಮೊಬೈಲಿನಲ್ಲಿ ನೋಡುವ ಆಟ. ಆದರೂ ಅರ್ಧಕ್ಕೇ ಅಂಕ ಹಾಕುವುದರಲ್ಲಿ ಏನೇನು ತೊಡಕಿದೆ ಅನ್ನುವುದನ್ನು ಮೇಷ್ಟ್ರಾದವನಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ. 2025ರ ಜುಲೈಯಲ್ಲಿ ತಡೆಹಿಡಿದ ಲೀಗು ಚಾಲೂ ಆದದ್ದು 2026ರ ಫೆಬ್ರವರಿ 14ಕ್ಕೆ. ಹದಿನಾಲ್ಕು ತಂಡ, ಒಬ್ಬರೆದುರು ಒಂದೇ ಸಲ ಆಟ, ಅಂದರೆ ತಂಡಕ್ಕೆ 13 ಪಂದ್ಯ. ಅದರಲ್ಲಿ ಅರ್ಧ ಅಂದರೆ ಆರೂವರೆ! ಆರು ಪಂದ್ಯದಲ್ಲಿ ಒಬ್ಬ ಸ್ಟ್ರೈಕರ್‌ಗೆ ಗೋಲು ಹೊಡೆಯುವ ಖರೇ ಅವಕಾಶ ಸಿಗುವುದು ಬೆರಳೆಣಿಕೆಯಷ್ಟು. ಅದರಲ್ಲಿ ಎರಡು ಚೆಂಡು ಕಂಬಕ್ಕೆ ಬಡಿದು ಹೊರಗೆ ಹಾರಿದರೆ ಅವನು ನಿನ್ನ ಮಂಕಾದವರ ಸಾಲಿಗೆ. ಅವೇ ಎರಡು ಕಂಬಕ್ಕೆ ಬಡಿದು ಒಳಗೆ ಬಿದ್ದರೆ ಮಿಂಚಿದವರ ಸಾಲಿಗೆ. ನಾಲ್ಕು ಬೆರಳಿನ ಅಂತರಕ್ಕೆ ಒಬ್ಬನ ಇಡೀ ವರ್ಷದ ದುಡಿಮೆ ಬಗ್ಗೆ ಷರಾ ಬರೆಯುವುದು ಅಂದರೆ ಸ್ವಲ್ಪ ಯೋಚನೆ ಮಾಡಬೇಕಪಾ.

ಈ ಸಲದ ಹೆಸರುಗಳನ್ನು ನಾನು ಮುಟ್ಟುವುದಿಲ್ಲ, ಅದು ನಿನ್ನ ಕೆಲಸ. ನಾನು ಹೇಳುವುದು ಇಷ್ಟೇ. ಕೊನೆಗೆ ಏನಾಯಿತು ಅಂತ ನಮಗೆ ಗೊತ್ತಿರುವ ಒಂದೆರಡು ಹಳೇ ಋತುಗಳ ನಟ್ಟನಡುವೆ ಹೋಗಿ ಕೂಡು. ಅಲ್ಲಿ ಕೂತು ಇದೇ ಥರದ ಪಟ್ಟಿ ಬರೆ. ಆಮೇಲೆ ಹಾಳೆ ಮಗುಚಿ ನೋಡು. ಬೇರೆ ತಂಡ ಯಾಕೆ, ನಮ್ಮ ಬೆಂಗಳೂರು ಎಫ್‌ಸಿಯನ್ನೇ ಹಿಡಿ.

2022ರ ಡಿಸೆಂಬರ್ 30ರ ರಾತ್ರಿಗೆ ಹೋಗು. ಅವತ್ತು ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಎದುರು ಬೆಂಗಳೂರು 2-1ರಿಂದ ಸೋತಿತು. ಎರಡೂ ಗೋಲು ಹೊಡೆದವನು ಕ್ಲೀಟನ್ ಸಿಲ್ವಾ. ಅವನು ಹಿಂದಿನ ಋತುವಿನ ತನಕ ಬೆಂಗಳೂರಿನವನೇ, ಕ್ಲಬ್ಬು ಕೈಬಿಟ್ಟ ಮೇಲೆ ಅಲ್ಲಿಗೆ ಹೋಗಿದ್ದ. ನವೆಂಬರ್‌ನಲ್ಲಿ ಕಂಠೀರವಕ್ಕೇ ಬಂದು ಈಸ್ಟ್ ಬೆಂಗಾಲ್ 1-0ಯಿಂದ ಗೆದ್ದಾಗಲೂ ಗೋಲು ಅವನದೇ. ಡಿಸೆಂಬರ್ 30ರ ಆ ಸೋಲಿಗೆ ಬೆಂಗಳೂರಿನ ಲೆಕ್ಕ: 12 ಪಂದ್ಯ, 3 ಗೆಲುವು, 1 ಡ್ರಾ, 8 ಸೋಲು, 10 ಅಂಕ. ಸೆಪ್ಟೆಂಬರ್‌ನಲ್ಲಷ್ಟೇ ಡುರಾಂಡ್ ಕಪ್ ಗೆದ್ದು ಬಂದ ತಂಡದ ಪಾಡು ಇದು. ರಾಯ್ ಕೃಷ್ಣ, ಹಾವಿ ಹೆರ್ನಾಂಡೆಸ್, ಸಂದೇಶ್ ಝಿಂಗನ್, ಗುರುಪ್ರೀತ್, ಛೆಟ್ರಿ ಎಲ್ಲರೂ ಇದ್ದೂ ಈ ಗತಿ. ಅವತ್ತು ನೀನು ಪಟ್ಟಿ ಬರೆದಿದ್ದರೆ? ಕೋಚ್ ಸೈಮನ್ ಗ್ರೇಸನ್‌ಗೆ ಹತ್ತಕ್ಕೆ ಎರಡು. ಛೆಟ್ರಿಗೆ ಮೂವತ್ತೆಂಟು ಆಯಿತು, ಕಾಲು ಸೋತಿವೆ, ಸಾಕು ಅನ್ನುವ ಒಂದು ಸಾಲು. ರಾಯ್ ಕೃಷ್ಣನಿಗೆ 'ದುಬಾರಿ ನಿರಾಸೆ' ಅನ್ನುವ ಬಿರುದು. ಶಿವಶಕ್ತಿ ನಾರಾಯಣನ್ ಅನ್ನುವ ತಮಿಳುನಾಡಿನ ಹುಡುಗನ ಹೆಸರು ಪಟ್ಟಿಯಲ್ಲಿ ಬರುತ್ತಲೇ ಇರಲಿಲ್ಲವೇನೋ.

ಈಗ ಹಾಳೆ ಮಗುಚು. ಉಳಿದ ಎಂಟು ಪಂದ್ಯಗಳಲ್ಲಿ ಬೆಂಗಳೂರು ಎಂಟನ್ನೂ ಗೆದ್ದಿತು. 2023ರ ಫೆಬ್ರವರಿಯಲ್ಲಿ ಮುಂಬೈ ಸಿಟಿ ಬಂದಾಗ ಆ ತಂಡ ಅದುವರೆಗೆ ಲೀಗಿನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಮುಂಬೈಗೂ ಮೊದಲ ಸೋಲಿನ ರುಚಿ ತೋರಿಸಿ ಕಳಿಸಿದರು. 34 ಅಂಕ, ನಾಲ್ಕನೇ ಸ್ಥಾನ. ಎಲಿಮಿನೇಟರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಬೆಂಚಿನಿಂದ ಎದ್ದುಬಂದ ಛೆಟ್ರಿ, ಹೆಚ್ಚುವರಿ ಸಮಯದಲ್ಲಿ ಗೋಡೆ ಕಟ್ಟಿಕೊಳ್ಳುವ ಮುಂಚೆಯೇ ಫ್ರೀಕಿಕ್ ಗೋಲಿಗೆ ಹೊಡೆದುಬಿಟ್ಟ. ಕೇರಳದವರು ಮೈದಾನ ಬಿಟ್ಟೇ ಹೋದರು. ಆ ಜಗಳದ ಕಥೆ ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಬಿಡು. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ ದಾಟಿ, ಗೋವಾದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲೇ ಸೋತರು. ಹೆಸರೇ ಇಲ್ಲದ ಶಿವಶಕ್ತಿ ಆರು ಗೋಲು ಹೊಡೆದು ಆ ಋತುವಿನ ಉದಯೋನ್ಮುಖ ಆಟಗಾರನಾದ.

ಇದನ್ನು ಕೇಳಿ, 'ಹಾಗಾದರೆ ಯಾರ ಬಗ್ಗೆಯೂ ಅರ್ಧಕ್ಕೆ ಏನೂ ಹೇಳಬಾರದು, ಎಲ್ಲರೂ ಕೊನೆಗೆ ಸರಿಹೋಗುತ್ತಾರೆ' ಅಂತ ನಾನು ಉಪದೇಶ ಮಾಡುತ್ತಿದ್ದೇನೆ ಅಂದುಕೊಳ್ಳಬೇಡ. ಮುಂದಿನ ಋತು ನೋಡು. 2023-24. ಅದೇ ಕ್ಲಬ್ಬು, ಅದೇ ಕೋಚು, ಮೊದಲ ಒಂಬತ್ತು ಪಂದ್ಯದಲ್ಲಿ ಒಂದೇ ಗೆಲುವು. ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ 4-0ಯಿಂದ ಬಡಿದುಹೋದ ಮರುದಿನ ಗ್ರೇಸನ್‌ರನ್ನು ಮನೆಗೆ ಕಳಿಸಿದರು. ಸ್ಪೇನಿನ ಜೆರಾರ್ಡ್ ಸರಗೋಸಾ ಬಂದರು. ಹೋದ ವರ್ಷ ತಿರುಗಿಕೊಂಡಿತ್ತಲ್ಲ, ಈ ವರ್ಷವೂ ತಿರುಗೀತು ಅಂತ ಕಾದವರೆಲ್ಲ ಕಾದದ್ದೇ ಬಂತು. 22 ಪಂದ್ಯಕ್ಕೆ 22 ಅಂಕ, ಹನ್ನೆರಡು ತಂಡಗಳಲ್ಲಿ ಹತ್ತನೆಯದು. ಅರ್ಧಕ್ಕೆ ಬರೆದ ನಿರಾಸೆಯ ಷರಾ ಈ ಸಲ ಅಕ್ಷರಶಃ ನಿಜವಾಯಿತು.

ಎರಡು ಡಿಸೆಂಬರ್, ಎರಡರಲ್ಲೂ ತಂಡ ಕೆಳಗೆ. ಒಂದು ಸಲ ಎದ್ದಿತು, ಒಂದು ಸಲ ಏಳಲಿಲ್ಲ. ಈ ವ್ಯತ್ಯಾಸ ಡಿಸೆಂಬರ್‌ನಲ್ಲೇ ಕಾಣುತ್ತಿತ್ತೋ ಇಲ್ಲವೋ? ನಿನ್ನ ಲೇಖನದ ಜೀವ ಇರಬೇಕಾದದ್ದು ಈ ಪ್ರಶ್ನೆಯಲ್ಲಿ.

ನಮ್ಮ ಭಾಗದವರಿಗೆ ಇದು ತಿಳಿಯದ ಸಂಗತಿ ಏನಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತಲ್ಲ. ಸಿಂಧನೂರು ತುಂಬಾ ಒಂದೇ ಮಾತು, ಎಡದಂಡೆಯ ಭತ್ತದ ಕಥೆ ಮುಗಿಯಿತು ಅಂತ. ವಾರದೊಳಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ನಿಂತು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್‌ಲಾಗ್, ಇಳಿಸಿದರು. ಮೇಲೆ ಮಲೆನಾಡಿನಲ್ಲಿ ಮಳೆ ಇನ್ನೂ ಬಾಕಿ ಇತ್ತು, ಸೆಪ್ಟೆಂಬರ್ ಹೊತ್ತಿಗೆ ಡ್ಯಾಮು ಮತ್ತೆ ತುಂಬಿತು, ಗದ್ದೆಗೆ ನೀರು ಬಂತು. ಅದೇ ಗೇಟು ನವೆಂಬರ್‌ನಲ್ಲಿ ಹೋಗಿದ್ದರೆ ಎಂಥ ನಾಯ್ಡು ಅವರು ಬಂದರೂ ತುಂಬಿಸುವುದಕ್ಕೆ ನೀರು ಎಲ್ಲಿತ್ತು? ಕೆಳಗೆ ಎಷ್ಟು ಖಾಲಿಯಾಗಿದೆ ಅನ್ನುವುದರ ಜೊತೆಗೆ ಮೇಲಿಂದ ಒಳಹರಿವು ಎಷ್ಟಿದೆ ಅನ್ನುವುದನ್ನೂ ಕೇಳಬೇಕು.

2022ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಒಳಹರಿವು ಇತ್ತು. ಸಾಮಾನು ಎಲ್ಲ ಮನೆಯಲ್ಲೇ ಇತ್ತು, ಜೋಡಿಸುವುದು ಗೊತ್ತಾಗುತ್ತಿರಲಿಲ್ಲ. ಹಿಂದೆ ಮೂರು ಜನ, ಎರಡೂ ಬದಿಗೆ ವಿಂಗ್ ಬ್ಯಾಕು, ಮುಂದೆ ರಾಯ್ ಕೃಷ್ಣನ ಪಕ್ಕ ಓಡುವ ಹುಡುಗ ಶಿವಶಕ್ತಿ, ಛೆಟ್ರಿ ಬೆಂಚಿನಲ್ಲಿ. ಈ ಕಟ್ಟು ಕೂತದ್ದೇ ತಡ, ಗೋಲು ಬರತೊಡಗಿದವು. ಶಿವಶಕ್ತಿಯ ಆಟವನ್ನು ಹಳೇ ವಿಡಿಯೋದಲ್ಲಿ ಇನ್ನೊಮ್ಮೆ ನೋಡು, ಚೆಂಡನ್ನು ನೋಡಬೇಡ, ಅವನ ಕಾಲನ್ನಷ್ಟೇ ನೋಡು. ಎದುರಾಳಿಯ ಸ್ಟಾಪರ್ ಬೆನ್ನ ಹಿಂದೆ ನಿಂತಿರುತ್ತಾನೆ, ಅವನ ಕಣ್ಣಿಗೆ ಬೀಳದ ಜಾಗದಲ್ಲಿ. ಕೃಷ್ಣ ಚೆಂಡಿಗಾಗಿ ಕೆಳಗೆ ಇಳಿಯುತ್ತಾನೆ, ಸ್ಟಾಪರ್ ಅವನನ್ನು ಹಿಂಬಾಲಿಸಿ ಎರಡು ಹೆಜ್ಜೆ ಮುಂದೆ ಬರುತ್ತಾನೆ, ಅಷ್ಟರಲ್ಲಿ ಆ ಖಾಲಿ ಜಾಗಕ್ಕೆ ಈ ಹುಡುಗ ಓಡಿರುತ್ತಾನೆ. ಹತ್ತು ಸಲ ಓಡಿದರೆ ಎಂಟು ಸಲ ಚೆಂಡೇ ಬರುವುದಿಲ್ಲ. ಆದರೂ ಓಡುತ್ತಾನೆ. ಆ ಎಂಟು ಓಟ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಎದುರಾಳಿ ಹಿಂದೆ ಸರಿದು ನಿಲ್ಲುವುದೂ, ಮಧ್ಯದಲ್ಲಿ ಹಾವಿಗೆ ತಲೆ ಎತ್ತಿ ನೋಡುವಷ್ಟು ಪುರುಸೊತ್ತು ಸಿಗುವುದೂ ಆ ಓಟದ ದೆಸೆಯಿಂದಲೇ.

2023ರ ಡಿಸೆಂಬರ್‌ನಲ್ಲಿ ಹಾಗಲ್ಲ. ಬೇಸಿಗೆಯಲ್ಲೇ ರಾಯ್ ಕೃಷ್ಣ ಒಡಿಶಾಕ್ಕೆ, ಝಿಂಗನ್ ಮತ್ತು ಉದಾಂತ ಗೋವಾಕ್ಕೆ ಹೋಗಿದ್ದರು. ಶಿವಶಕ್ತಿ ಇದ್ದ, ಆದರೆ ಸ್ಟಾಪರ್‌ನನ್ನು ಎಳೆದು ತರುವ ಕೃಷ್ಣ ಇರಲಿಲ್ಲ. ಹಿಂದಿನ ವರ್ಷದ ಗೋಲು ಈ ವರ್ಷ ಶಿವಶಕ್ತಿಗೆ ಬರಲಿಲ್ಲ. ನಿನ್ನ ಪಟ್ಟಿಯ ಭಾಷೆಯಲ್ಲಿ ಅವನು 'ನಿರಾಸೆ'. ಅತ್ತ ಕೃಷ್ಣ ಒಡಿಶಾದಲ್ಲಿ 13 ಗೋಲು ಹೊಡೆದ, ಬೆಂಗಳೂರಿನಲ್ಲಿ ಹೊಡೆದದ್ದರ ಎರಡರಷ್ಟಕ್ಕಿಂತಲೂ ಹೆಚ್ಚು! ಮೂವತ್ತಾರು ವರ್ಷದ ಮನುಷ್ಯ ಊರು ಬದಲಾಯಿಸಿದ ಕೂಡಲೇ ಹೊಸ ಕಾಲು ಬಂದುವೇ? ಅವನ ಸುತ್ತ ನಿಂತವರು ಬದಲಾದರು, ಅವನ ಕೆಲಸ ಬದಲಾಯಿತು. ಆದ್ದರಿಂದ ಒಬ್ಬನ ಹೆಸರಿನ ಮುಂದೆ ಅಂಕ ಬರೆಯುವಾಗ ಅವನ ಎಡಕ್ಕೆ ಯಾರಿದ್ದಾರೆ, ಬಲಕ್ಕೆ ಯಾರಿದ್ದಾರೆ, ಕೋಚು ಅವನಿಗೆ ಏನು ಕೆಲಸ ಕೊಟ್ಟಿದ್ದಾನೆ, ಅಷ್ಟನ್ನಾದರೂ ಒಂದು ಸಾಲಿನಲ್ಲಿ ಹೇಳು. ಜಾಗ ಸಾಲದಿದ್ದರೆ ಅಂಕವನ್ನು ಕಿತ್ತುಹಾಕು. ಸಾಲು ಇರಲಿ.

ನಿನ್ನ ಪಟ್ಟಿಯಲ್ಲಿ ಗೋಲು ಹೊಡೆದವರೇ ತುಂಬಿದ್ದಾರೆ. ಗೋಲ್‌ಕೀಪರ್ ಒಬ್ಬನೇ ಒಬ್ಬ, ಅದೂ ಪೆನಾಲ್ಟಿ ತಡೆದ ಅಂತ. ಬ್ಯಾಕುಗಳು ಬಂದಿರುವುದೆಲ್ಲ ಬೈಸಿಕೊಳ್ಳುವುದಕ್ಕೆ. ಟಿವಿ ನೋಡಿ ಬರೆದರೆ ಹೀಗೇ ಆಗುವುದು. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ನೀನು ಕ್ಯಾಮೆರಾ ಹಿಂದೆ. ಕಂಠೀರವದಲ್ಲಿ ಕೂತು ನೋಡುವಾಗ ಎಲ್ಲರೂ ಗೊಣಗುತ್ತಾರಲ್ಲ, ನಡುವೆ ಓಟದ ಟ್ರ್ಯಾಕು, ಆಟಗಾರರ ಮುಖವೇ ಕಾಣುವುದಿಲ್ಲ, ದೂರ ಅಂತ. ನಾನಂತೂ ಆ ದೂರವೇ ಒಳ್ಳೆಯದು ಅನ್ನುತ್ತೇನೆ. ಮೇಲಿನ ಮೆಟ್ಟಿಲಲ್ಲಿ ಕೂತರೆ ಇಪ್ಪತ್ತೆರಡು ಜನರೂ ಒಟ್ಟಿಗೆ ಕಾಣುತ್ತಾರೆ. ನಿನ್ನ ಮನೆಯಿಂದ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್‌ಗೆ ಇಳಿದರೆ ಆಯಿತು, ನಾವು ಬರಬೇಕಾದರೆ ಸಿಂಧನೂರಿನಿಂದ ರಾತ್ರಿಯಿಡೀ ಬಸ್ಸು. ಹೋಗು, ಒಂದು ಪಂದ್ಯದಲ್ಲಿ ಎಡಗಡೆ ಬ್ಯಾಕ್ ಒಬ್ಬನನ್ನೇ ನೋಡು, ಪೂರಾ ತೊಂಬತ್ತು ನಿಮಿಷ. ಅವನು ಎಷ್ಟು ಸಲ ಮೇಲೆ ಹೋಗಿ ಓಡೋಡಿ ವಾಪಸ್ ಬರುತ್ತಾನೆ, ವಾಪಸ್ ಬರಲಾರದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುವುದು ಎಷ್ಟನೇ ನಿಮಿಷಕ್ಕೆ, ಆಗ ಅವನ ಜಾಗ ಮುಚ್ಚುವವನು ಯಾರು, ಬರೆದುಕೋ. 2021-22ರಲ್ಲಿ ಬೆಂಗಳೂರಿನ ನವೋರೆಮ್ ರೋಷನ್ ಸಿಂಗ್ ಉದಯೋನ್ಮುಖ ಆಟಗಾರ ಅನ್ನಿಸಿಕೊಂಡದ್ದು ಬ್ಯಾಕ್ ಜಾಗದಲ್ಲಿ ಆಡಿ. ಆ ಜಾಗದ ಆಟವನ್ನೂ ಕಣ್ಣಿಟ್ಟು ನೋಡಿದವರಿದ್ದದ್ದಕ್ಕೆ ಅದು ಸಾಧ್ಯವಾಯಿತು.

ನಿಮಿಷದ ಲೆಕ್ಕವನ್ನು ಮಾತ್ರ ಬಿಡಲೇಬೇಡ. 'ಆರು ಪಂದ್ಯ ಆಡಿ ಒಂದೇ ಗೋಲು' ಅಂತ ಒಬ್ಬನ ಮೇಲೆ ಬರೆದಿದ್ದೀಯ. ಆ ಆರರಲ್ಲಿ ಎಷ್ಟರಲ್ಲಿ ಅವನು ಎಂಬತ್ತನೇ ನಿಮಿಷಕ್ಕೆ ಬಂದ? ಕೊನೇ ಹತ್ತು ನಿಮಿಷಕ್ಕೆ ಬರುವವನಿಗೂ, ಮೊದಲಿನಿಂದ ಆಡುವವನಿಗೂ ಒಂದೇ ತಕ್ಕಡಿ ಹಿಡಿಯಬಾರದು. ಹೊಡೆದ ಗೋಲನ್ನು ಆಡಿದ ನಿಮಿಷಕ್ಕೆ ಹೊಂದಿಸಿ ನೋಡಿದರೆ ನಿನ್ನ ಎರಡು ಸಾಲಿನಲ್ಲಿ ಎರಡು ಮೂರು ಹೆಸರಾದರೂ ಜಾಗ ಬದಲಾಯಿಸುತ್ತವೆ. ಪೆನಾಲ್ಟಿ ಗೋಲನ್ನು ಬೇರೆ ಎಣಿಸು. ತವರಿನಲ್ಲಿ ಎಷ್ಟು, ಪರಸ್ಥಳದಲ್ಲಿ ಎಷ್ಟು, ಅದನ್ನೂ.

ಇನ್ನು ಹೊಗಳಿಕೆ. ಬೈಗುಳಕ್ಕಿಂತ ಇದೇ ಅಪಾಯದ್ದು ಅನ್ನಿಸುತ್ತದೆ ನನಗೆ. 2024-25 ನೆನಪು ಮಾಡಿಕೋ. ಬೆಂಗಳೂರು ಮೊದಲ ಐದು ಪಂದ್ಯದಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಮೋಹನ್ ಬಾಗಾನ್‌ನಂಥ ತಂಡವನ್ನೇ ಕಂಠೀರವದಲ್ಲಿ 3-0ಯಿಂದ ಸೋಲಿಸಿದರು. ಎರಡು ವರ್ಷದ ಹಿಂದೆ ಕಾಲು ಸೋತಿವೆ ಅನ್ನಿಸಿಕೊಂಡ ಛೆಟ್ರಿ, ನಲವತ್ತರಲ್ಲಿ, ಡಿಸೆಂಬರ್ 7ಕ್ಕೆ ಕೇರಳದ ಮೇಲೆ ಮೂರು ಗೋಲು ಬಾರಿಸಿ ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಅತಿ ಹಿರಿಯನಾದ. ಆಗ ಯಾರು ಪಟ್ಟಿ ಬರೆದಿದ್ದರೂ ಬೆಂಗಳೂರಿನ ಹಿಂಬದಿ ಆಟಕ್ಕೆ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದರು. ಜನವರಿಯಲ್ಲಿ ಅದೇ ಕಂಠೀರವಕ್ಕೆ ಹೊಸದಾಗಿ ಲೀಗಿಗೆ ಬಂದಿದ್ದ ಮೊಹಮ್ಮಡನ್ ಬಂದು 1-0ಯಿಂದ ಗೆದ್ದುಹೋಯಿತು. ಕೊನೆಗೆ 24 ಪಂದ್ಯಕ್ಕೆ 8 ಸೋಲು, 38 ಅಂಕ, ಮೂರನೇ ಸ್ಥಾನ. ಫೈನಲ್ ಮುಟ್ಟಿದರು ನಿಜ, ಅಲ್ಲಿ ಮೋಹನ್ ಬಾಗಾನ್‌ಗೇ 2-1ರಿಂದ ಸೋತರು. ಛೆಟ್ರಿ ಮಾತ್ರ ಅರ್ಧಕ್ಕೆ ಕಂಡಂತೆಯೇ ಕೊನೆಯವರೆಗೂ ನಡೆದ. 14 ಗೋಲು, ಆ ಋತುವಿನಲ್ಲಿ ಬೇರೆ ಯಾವ ಭಾರತೀಯನೂ ಅಷ್ಟು ಹೊಡೆಯಲಿಲ್ಲ. ತಂಡದ ಬಗ್ಗೆ ಬರೆದದ್ದು ಅರ್ಧ ಸುಳ್ಳಾಯಿತು, ಒಬ್ಬ ಆಟಗಾರನ ಬಗ್ಗೆ ಬರೆದದ್ದು ಪೂರ್ತಿ ನಿಜವಾಯಿತು. ಎರಡನ್ನೂ ಒಂದೇ ಉಸಿರಿನಲ್ಲಿ ಬರೆಯಬೇಡ ಅನ್ನುವುದು ಅದಕ್ಕೇ.

ಅದೇ ಋತುವಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಮೇಲೆ ಗೆಲುವಿನ ಗೋಲು ಹೊಡೆದವನು ವಿನಿತ್ ವೆಂಕಟೇಶ್, ಬೆಂಗಳೂರಿನ ಹತ್ತೊಂಬತ್ತರ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು. ಮರುದಿನದಿಂದ ಮುಂದಿನ ಛೆಟ್ರಿ ಯಾರು ಅನ್ನುವ ಹುಡುಕಾಟದಲ್ಲಿ ಅವನ ಹೆಸರನ್ನೂ ಎಳೆದರು. ಹತ್ತೊಂಬತ್ತರ ಹೆಗಲಿಗೆ ಇಂಥ ಮೂಟೆ ಯಾಕಪಾ? ಹುಡುಗರನ್ನು ಮೈದಾನದಲ್ಲಿ ನಿಲ್ಲಿಸಿ ಆಡಿಸಿದವನಾಗಿ ಹೇಳುತ್ತೇನೆ. ಹತ್ತೊಂಬತ್ತು, ಇಪ್ಪತ್ತರ ಹುಡುಗರ ಆಟ ಒಂದು ವಾರ ಮೇಲೆ, ಒಂದು ವಾರ ಕೆಳಗೆ ಇರುವುದು ಸಹಜ. ಇಪ್ಪತ್ತೊಂದು ದಾಟದವರನ್ನು ಎರಡು ಸಾಲಿನಿಂದಲೂ ತೆಗೆದುಬಿಡು. ಅವರಿಗೆ ಬೇರೆಯೇ ಒಂದು ಪ್ಯಾರಾ ಬರೆ, ಅಂಕ ಬೇಡ. ಏನು ಕಲಿತಿದ್ದಾರೆ, ಇನ್ನೂ ಏನು ಬರುತ್ತಿಲ್ಲ, ಅಷ್ಟು ಸಾಕು.

ಬೈಯಲೇಬೇಕಾದಾಗ ಬೈ. ಸುಮ್ಮನೆ ಎಲ್ಲರ ಬೆನ್ನು ತಟ್ಟುವ ಲೇಖನವನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಆದರೆ ಮಾಡಿದ ಕೆಲಸವನ್ನು ಬೈ, ಮನುಷ್ಯನನ್ನಲ್ಲ. 'ಸೋಮಾರಿ', 'ದುಡ್ಡಿಗೆ ಬಂದವನು' ಅಂತ ಎರಡು ಕಡೆ ಬರೆದಿದ್ದೀಯ, ಅವೆರಡನ್ನೂ ಹೊಡೆದುಹಾಕು. ದುಡ್ಡಿಗೆ ಬಾರದವರು ಯಾರಿದ್ದಾರೆ? 2025ರ ಆಗಸ್ಟ್‌ನಲ್ಲಿ ಲೀಗು ನಡೆಯುತ್ತದೋ ಇಲ್ಲವೋ ಅನ್ನುವ ಅನಿಶ್ಚಿತತೆಯಲ್ಲಿ ಬೆಂಗಳೂರು ಎಫ್‌ಸಿಯೇ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿದದ್ದಾಗಿ ಹೇಳಿಕೆ ಕೊಟ್ಟಿತ್ತು. ತಿಂಗಳುಗಟ್ಟಲೆ ಪಂದ್ಯವಿಲ್ಲದೆ ಕೂತವರು ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಇಳಿದು ಓಡಿದ್ದಾರೆ. ಮೊದಲ ಮೂರು ಪಂದ್ಯದಲ್ಲಿ ಒಬ್ಬನ ಕಾಲು ಭಾರವಾಗಿದ್ದರೆ ಅದರ ಕಾರಣ ಸೋಮಾರಿತನವೇ ಆಗಬೇಕಿಲ್ಲ.

ಒಂದೇ ಸಂಜೆಯಲ್ಲಿ ಒಬ್ಬನೇ ಮನುಷ್ಯ ಎರಡೂ ಸಾಲಿಗೆ ಸೇರಬಲ್ಲ ಅನ್ನುವುದಕ್ಕೆ 2023ರ ಆ ಫೈನಲ್ಲೇ ಸಾಕ್ಷಿ. ಹದಿನಾಲ್ಕನೇ ನಿಮಿಷಕ್ಕೆ ರಾಯ್ ಕೃಷ್ಣನ ಕೈಗೆ ಚೆಂಡು ತಾಗಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಎಪ್ಪತ್ತೆಂಟನೇ ನಿಮಿಷಕ್ಕೆ ತಲೆಯಿಂದ ಗೋಲು ಹೊಡೆದು ಬೆಂಗಳೂರನ್ನು 2-1 ಮುಂದೆ ತಂದವನೂ ಅದೇ ಕೃಷ್ಣ. ಶುರುವಿಗೇ ಶಿವಶಕ್ತಿ ಗಾಯಗೊಂಡು ಹೊರಗೆ ಹೋದ, ಬದಲಿಗೆ ಬಂದ ಛೆಟ್ರಿ ಪೆನಾಲ್ಟಿ ಗೋಲು ಮಾಡಿದ. ಇವರಿಗೆಲ್ಲ ಹತ್ತಕ್ಕೆ ಎಷ್ಟು ಕೊಡುತ್ತೀ?

ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೀಯ ಅನ್ನುವ ಕಾರಣಕ್ಕೆ ಇನ್ನೊಂದು ಮಾತು. 2023ರ ಮಾರ್ಚ್ 3ಕ್ಕೆ ಛೆಟ್ರಿಯ ಆ ಫ್ರೀಕಿಕ್. ಮರುದಿನ ಮಾರ್ಚ್ 4ಕ್ಕೆ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಮತ್ತೆ ಸಿಕ್ಕಿದ್ದು ಆಗಲೇ, ಐವತ್ನಾಲ್ಕು ವರ್ಷದ ಮೇಲೆ. ನಮ್ಮ ಕಟ್ಟೆಯ ಹುಡುಗರನ್ನು ಕೇಳಿದರೆ ಫ್ರೀಕಿಕ್ ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಮಾಡುತ್ತಾರೆ, ರಿಯಾದ್‌ನ ಗೆಲುವು ಒಬ್ಬನಿಗೂ ನೆನಪಿಲ್ಲ. ಆ ತಂಡದಲ್ಲಿ ಗೋಲು ಹೊಡೆದ ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್ ಈಗ ಎಲ್ಲಿ ಆಡುತ್ತಿದ್ದಾರೆ ಅಂತ ವಿಚಾರಿಸಿ ಬರೆ. ಐಎಸ್‌ಎಲ್ ಪಟ್ಟಿಯ ಪಕ್ಕದಲ್ಲೇ ಒಂದು ಬಾಕ್ಸ್ ಹಾಕಿಸು. ಬೆಂಗಳೂರಿನ ಸೂಪರ್ ಡಿವಿಷನ್ ಪಂದ್ಯಗಳಿಗೂ ಆಗೊಮ್ಮೆ ಈಗೊಮ್ಮೆ ಹೋಗಿ ಬಾ, ನೂಕುನುಗ್ಗಲು ಇರುವುದಿಲ್ಲ, ಆಟಗಾರ ಉಸಿರು ಬಿಡುವುದೂ ಕೇಳಿಸುತ್ತದೆ.

ಪಟ್ಟಿ ತಿದ್ದಿದ ಮೇಲೆ ನನಗೊಂದು ಪ್ರತಿ ಕಳಿಸು. ಕೆಳಗಡೆ, 'ಇದು ಇಂಥ ದಿನದವರೆಗಿನ ಪಂದ್ಯ ನೋಡಿ ಬರೆದದ್ದು' ಅಂತ ತಾರೀಖು ಹಾಕುವುದನ್ನು ಮರೆಯಬೇಡ. ಋತು ಮುಗಿದ ಮೇಲೆ ಅದೇ ಪತ್ರಿಕೆಯಲ್ಲಿ ಅದೇ ಪಟ್ಟಿಯನ್ನು ಇಟ್ಟುಕೊಂಡು ಇನ್ನೊಂದು ಲೇಖನ ಬರೆಯುತ್ತೇನೆ ಅಂತ ಈಗಲೇ ಸಂಪಾದಕರ ಹತ್ತಿರ ಮಾತು ತೆಗೆದುಕೋ. ಅಕ್ಕನಿಗೆ ಹೇಳು, ಒಂದು ಚೀಲ ಸೋನಾ ಮಸೂರಿ ಶುಕ್ರವಾರದ ರಾತ್ರಿ ಬಸ್ಸಿಗೆ ಹಾಕುತ್ತೇನೆ, ಬೆಳಿಗ್ಗೆ ಮೆಜೆಸ್ಟಿಕ್‌ಗೆ ನೀನೇ ಹೋಗಿ ಇಳಿಸಿಕೋ.